ಪಕ್ಕದ ಸೀಟಿನ ಚಿಕ್ಕಮ್ಮ

ನನ್ನ ಚಿಕ್ಕಮ್ಮ ನಮ್ಮೂರಿನ ಅರ್ಧಕ್ಕರ್ಧ ಜನಕ್ಕೆ ಕಾರು ಕಲಿಸಿದವಳು. ಆದರೆ ತಾನೇ ಸ್ಟೀರಿಂಗ್ ಹಿಡಿದು ಊರ ಗಡಿ ದಾಟಿದವಳಲ್ಲ. ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ ಅವಳದು ಪಕ್ಕದ ಸೀಟು. ಆ ಸೀಟಿನ ಮುಂದೆಯೂ ಒಂದು ಬ್ರೇಕು ಇತ್ತು, ಕಲಿಯುವವರು ಗಾಬರಿಬಿದ್ದು ಎಲ್ಲೆಲ್ಲೋ ನುಗ್ಗಿದಾಗ ಒತ್ತುವುದಕ್ಕೆ. ಬೆಳಗ್ಗೆಯಿಂದ ಸಂಜೆವರೆಗೆ ಅದೇ ದಾರಿ: ಆಟದ ಮೈದಾನದ ಹಿಂದಿನ ರಸ್ತೆ, ಮಾರುಕಟ್ಟೆ ಹತ್ತಿರದ ನೀರಿನ ಟ್ಯಾಂಕು, ಆಸ್ಪತ್ರೆಯ ಏರು, ಅಲ್ಲಿಂದ ಸುತ್ತಿ ಮತ್ತೆ ಮೈದಾನ. ಗಾಣದೆತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ, ಇವಳು ಕಣ್ಣು ಬಿಟ್ಟುಕೊಂಡೇ ಸುತ್ತಿದಳು.

ಹಾಗಂತ ಅವಳಿಗೆ ಬೇಸರವಿತ್ತು ಅಂತಲ್ಲ. ಅವಳ ಕೈಯಲ್ಲಿ ಕಲಿತವರಲ್ಲಿ ಡಾಕ್ಟರಿದ್ದರು, ಮಾಂಸದಂಗಡಿಯವರಿದ್ದರು, ಮೊಮ್ಮಕ್ಕಳ ಕಣ್ಣು ತಪ್ಪಿಸಿ ಬರುತ್ತಿದ್ದ ಅಜ್ಜಿಯೊಬ್ಬರಿದ್ದರು. ಎಲ್ಲರಿಗೂ ಬಹುವಚನ, ಎಲ್ಲರಿಗೂ ಅದೇ ತಣ್ಣನೆ ದನಿ. "ಚೆನ್ನಾಗಿದೆ. ಹೆದರಬೇಡಿ. ಕ್ಲಚ್ ನಿಧಾನಕ್ಕೆ ಬಿಡಿ." ಕಾರು ಗೋಡೆಗೆ ಗುದ್ದುವುದಕ್ಕೆ ಗೇಣು ಉಳಿದಿದ್ದಾಗಲೂ "ಚೆನ್ನಾಗಿದೆ" ಅಂತಲೇ ಶುರು ಮಾಡುತ್ತಿದ್ದಳಂತೆ. ಬಾಯಿ ತಣ್ಣಗಿದ್ದರೂ ಕಾಲು ಮಾತ್ರ ಸದಾ ಎಚ್ಚರ. ಊಟಕ್ಕೆ ಕೂತಾಗ ಯಾರಾದರೂ ಹಾಲಿನ ಲೋಟವನ್ನು ಮೇಜಿನ ಅಂಚಿಗೆ ಇಟ್ಟರೆ ಸಾಕು, ಕೆಳಗೆ ಅವಳ ಕಾಲು ನೆಲ ಒತ್ತುತ್ತಿತ್ತು. ಅದಕ್ಕೇ ನಾವು ಮಕ್ಕಳು ಅವಳಿಗೆ ಬ್ರೇಕ್ ಚಿಕ್ಕಮ್ಮ ಅಂತ ಹೆಸರಿಟ್ಟಿದ್ದೆವು.

ಅವಳು ಮದುವೆಯಾಗಲಿಲ್ಲ. ನಮ್ಮ ಬೀದಿಯಲ್ಲೇ, ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ವಾಸ. ಕೆಲಸದಿಂದ ನಿವೃತ್ತಿಯಾದ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ನಮ್ಮ ಮನೆ ಮುಂದೆ ಹಳೇ ವ್ಯಾನೊಂದು ಬಂದು ನಿಂತಿತು. ಬೇಕರಿಯವರು ಅಂಗಡಿ ಅಂಗಡಿಗೆ ಬ್ರೆಡ್ಡು ಸಾಗಿಸುತ್ತಿದ್ದ ವ್ಯಾನು ಅದು. ಬಣ್ಣ ಬಳಿಸಿದ್ದರೂ ಎರಡೂ ಮಗ್ಗುಲಲ್ಲಿ ಬ್ರೆಡ್ಡಿನ ಚಿತ್ರ ತೆಳ್ಳಗೆ ಕಾಣುತ್ತಿತ್ತು. ಒಳಗೆ ವೆಲ್ಡಿಂಗ್ ಅಂಗಡಿಯವನ ಕೈಲಿ ಎರಡು ಕಿರುಮಂಚ, ಒಂದು ಕಪಾಟು, ಒಲೆಗೊಂದು ಕಟ್ಟೆ ಮಾಡಿಸಿದ್ದಳು.

"ಹೆದ್ದಾರಿ ನಮ್ಮೂರಿಂದ ಹೊರಟು ಎಲ್ಲಿ ಮುಗಿಯತ್ತೋ ಅಲ್ಲೀವರೆಗೂ ಹೋಗಿ ಬರ್ತೀನಿ" ಅಂದಳು.

ನಮ್ಮಮ್ಮ, ಅಂದರೆ ಅವಳ ಅಕ್ಕ, ಬಾಗಿಲಲ್ಲೇ ನಿಂತು ಕೇಳಿದಳು. "ಅಲ್ಲೇನಿದೆ?"

"ಗೊತ್ತಿಲ್ಲ. ಅದಕ್ಕೇ ಹೋಗ್ತಿರೋದು."

"ರಾತ್ರಿ ಎಲ್ಲಿ ಮಲಗ್ತೀಯ?"

ಆಗ ಚಿಕ್ಕಮ್ಮ ಕ್ಯಾಂಪ್‌ಗಳ ವಿಷಯ ಹೇಳಿದಳು. ದಾರಿಯುದ್ದಕ್ಕೂ ಪ್ರಯಾಣಿಕರು ತಂಗಲು ಅಂತಲೇ ಬಿಟ್ಟ ಬಯಲುಗಳಿವೆ, ಗಾಡಿ ನಿಲ್ಲಿಸಿಕೊಂಡೋ ಡೇರೆ ಹಾಕಿಕೊಂಡೋ ಇರಬಹುದು, ನೋಡಿಕೊಳ್ಳುವುದಕ್ಕೆ ಒಬ್ಬರು ಇರುತ್ತಾರೆ, ನಲ್ಲಿ, ಕರೆಂಟು, ಬಚ್ಚಲು ಎಲ್ಲ ಇರುತ್ತೆ, ಎಲ್ಲರೂ ಹಂಚಿಕೊಳ್ಳುತ್ತಾರೆ ಅಂದಳು.

"ಬಚ್ಚಲನ್ನೂ?" ಅಂದಳು ಅಮ್ಮ.

ಅಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯ ಯಜಮಾನಿಯಾಗಿದ್ದವಳು. ವಾರ್ಡುಗಳ ಹಾಸು, ಹೊದಿಕೆ, ದಿಂಬಿನ ಚೀಲ ಎಲ್ಲ ಅವಳ ಕೈದಾಟಿಯೇ ಹೋಗಬೇಕಿತ್ತು. ಹೊರಗಿನ ಹಾಸಿಗೆ ಅಂದರೆ ಈಗಲೂ ಮೊದಲು ಮೂಸಿ, ಆಮೇಲೆ ಕೂರುವವಳು. ಇಂಥವಳು ಆ ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ತಂಗಿಯ ಕೋಣೆಗೆ ಹೋಗಿ, "ಒಬ್ಬಳೇ ಹೋಗ್ತೀಯ ಅಂದ್ರೆ ನನಗೆ ಅನ್ನ ಸೇರಲ್ಲ. ನಾನೂ ಬರ್ತೀನಿ. ಆದ್ರೆ ಹಾಸಿಗೆ ಬಟ್ಟೆ ನಂದು" ಅಂದಳು. ಅಪ್ಪನೂ ನಾನೂ ಕಪಾಟಿನ ತುಂಬ ಬಿಳೀ ಹಾಸುಗಳನ್ನು ತುಂಬಿಸಿ ಕಳಿಸಿಕೊಟ್ಟೆವು. ಪಾತ್ರೆಗೆ ಜಾಗ ಉಳಿಯಲಿಲ್ಲ.

ಮುಂದಿನದೆಲ್ಲ ಅಕ್ಕತಂಗಿಯರ ಬಾಯಿಂದ ಕೇಳಿದ್ದು. ಅವಳು ಹೇಳಿದ್ದನ್ನು ಇವಳು ಒಪ್ಪುವುದಿಲ್ಲ, ಇವಳು ಹೇಳಿದ್ದನ್ನು ಅವಳು ಒಪ್ಪುವುದಿಲ್ಲ. ಆದಷ್ಟೂ ಇಬ್ಬರೂ ಒಪ್ಪಿದ್ದನ್ನೇ ಹೇಳುತ್ತೇನೆ.

ಊರು ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಅಮ್ಮನಿಗೆ ಪಿಸುಪಿಸು ಮಾತು ಕೇಳಿಸತೊಡಗಿತು. ಚಿಕ್ಕಮ್ಮ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. "ಕನ್ನಡಿ ನೋಡಿ. ಹಾಂ. ಮೂರನೇ ಗೇರಿಗೆ ಬನ್ನಿ. ಚೆನ್ನಾಗಿದೆ. ಹೆದರಬೇಡಿ."

"ಯಾರಿಗೇ ಹೇಳ್ತಿದ್ದೀಯ?"

"ನನಗೇ."

"ನಿನಗೆ ನೀನೇ ಬಹುವಚನವಾ?"

"ಗಾಡಿ ಓಡಿಸೋರಿಗೆ ಮರ್ಯಾದೆ ಕೊಡಬೇಕಕ್ಕ. ಇಲ್ಲದಿದ್ರೆ ಅವರ ಕೈ ನಡುಗತ್ತೆ."

ಅವಳ ವೇಗಕ್ಕೆ ಹಿಂದೆ ಲಾರಿಗಳ ಸಾಲೇ ಬೆಳೆಯುತ್ತಿತ್ತು. ನರಪಿಳ್ಳೆ ಇಲ್ಲದ ತಿರುವಿನಲ್ಲೂ ಇಂಡಿಕೇಟರ್ ಹಾಕುತ್ತಿದ್ದಳು. ಒಬ್ಬ ಲಾರಿಯವನು ಪಕ್ಕಕ್ಕೆ ಬಂದು, ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕೋರೇ, ಮೆರವಣಿಗೆ ಎಲ್ಲೀವರೆಗೆ?" ಅಂತ ಕೇಳಿಕೊಂಡು ಹೋದನಂತೆ. ಚಿಕ್ಕಮ್ಮ ಅವನಿಗೂ ಇಂಡಿಕೇಟರ್ ಹಾಕಿ ದಾರಿ ಬಿಟ್ಟಳು.

ಮೊದಲ ಕ್ಯಾಂಪು ಒಂದು ಕೆರೆ ದಂಡೆಯಲ್ಲಿತ್ತು. ಹತ್ತಾರು ಡೇರೆ, ಐದಾರು ಗಾಡಿ, ಮರಗಳ ನಡುವೆ ಹಗ್ಗ ಕಟ್ಟಿ ಒಣಹಾಕಿದ ಈಜುಡುಗೆ. ಚಿಕ್ಕಮ್ಮ ಗೆರೆ ಎಳೆದ ಹಾಗೆ ವ್ಯಾನು ನಿಲ್ಲಿಸಿದಳು. ಆದರೆ ನೆಲ ಸ್ವಲ್ಪ ಇಳಿಜಾರು ಅನ್ನುವುದನ್ನು ನೋಡಿರಲಿಲ್ಲ. ಬೆಳಗ್ಗೆ ಎದ್ದಾಗ ಅಮ್ಮ ಮಂಚದ ಮೇಲಿರಲಿಲ್ಲ. ಹಾಸು ಹೊದಿಕೆ ಸಮೇತ ಜಾರಿ, ಬಾಗಿಲಿನ ಹತ್ತಿರ ಗಂಟುಮೂಟೆಯಂತೆ ಸೇರಿಕೊಂಡಿದ್ದಳು.

"ನೆಲ ಡೊಂಕು ಕಣಕ್ಕ" ಅಂದಳು ಚಿಕ್ಕಮ್ಮ.

"ಕುಣಿಯಲಾರದವಳು ಹೇಳೋ ಮಾತದು" ಅಂದಳು ಅಮ್ಮ ನೆಲದಿಂದಲೇ.

ಅಷ್ಟರಲ್ಲಿ ಹೊರಗೆ ಯಾರೋ ವ್ಯಾನು ತಟ್ಟಿದರು. ಬಾಗಿಲು ತೆರೆದರೆ ನಿದ್ದೆಗಣ್ಣಿನ ನಾಲ್ಕೈದು ಜನ ಚೀಲ ಹಿಡಿದು ಸಾಲಾಗಿ ನಿಂತಿದ್ದಾರೆ. ವ್ಯಾನಿನ ಮೇಲಿನ ಚಿತ್ರ ನೋಡಿ ಬ್ರೆಡ್ಡಿಗೆ ಬಂದವರು. "ಬ್ರೆಡ್ಡಿಲ್ಲ, ಅಕ್ಕ ಇದ್ದಾಳೆ" ಅಂದಳು ಚಿಕ್ಕಮ್ಮ. ಒಬ್ಬರು ನಕ್ಕು, ತಮ್ಮ ಡೇರೆಯಿಂದ ಎರಡು ಚಪ್ಪಟೆ ಹಲಗೆ ತಂದು ಗಾಲಿಯ ಕೆಳಗೆ ಕೊಟ್ಟು ವ್ಯಾನನ್ನು ಸಮಮಾಡಿಕೊಟ್ಟರು. ಬಂದವರಿಗೆಲ್ಲ ಚಿಕ್ಕಮ್ಮ ಕಾಫಿ ಮಾಡಿದಳು. ಅಮ್ಮ ಮಾತ್ರ ಹೊದಿಕೆ ಹೊದ್ದುಕೊಂಡೇ ಕೂತು, ಸಾಮೂಹಿಕ ಬಚ್ಚಲಿಗೆ ಹೋಗುವ ದಾರಿಯನ್ನು ದೂರದಿಂದ ನೋಡುತ್ತಿದ್ದಳು, ಯುದ್ಧಭೂಮಿ ನೋಡಿದ ಹಾಗೆ.

ಮುಂದಿನ ಕ್ಯಾಂಪುಗಳಲ್ಲೂ ಅವಳ ಮುಖ ಊದಿಕೊಂಡೇ ಇತ್ತು. ಇರುವೆ ಬಂದರೆ ತಂಗಿಯ ತಪ್ಪು, ಬಿಸಿನೀರು ಬರದಿದ್ದರೆ ತಂಗಿಯ ತಪ್ಪು. ಪಕ್ಕದ ಡೇರೆಯವರ ಗೊರಕೆಯೂ ಅವಳ ಲೆಕ್ಕಕ್ಕೇ. ಕಡೆಗೆ ಒಂದು ಹೊಳೆಬದಿಯ ಕ್ಯಾಂಪಿನಲ್ಲಿ ಅಮ್ಮ ಘೋಷಣೆ ಮಾಡಿದಳು. "ನಾಳೆ ಬೆಳಗ್ಗೆ ಇಲ್ಲಿಂದ ಬಸ್ಸಿದೆಯಂತೆ. ನಾನು ಮನೆಗೆ ಹೋಗ್ತೀನಿ. ನಿನ್ನ ರಸ್ತೆ ಎಲ್ಲಿ ಮುಗಿಯತ್ತೋ ಫೋನ್ ಮಾಡಿ ಹೇಳು."

ಚಿಕ್ಕಮ್ಮ ಜಗಳ ಆಡಲಿಲ್ಲ. "ಆಯ್ತಕ್ಕ" ಅಂದಳು. ಅದು ಅಮ್ಮನಿಗೆ ಇನ್ನೂ ಸಿಟ್ಟು ತರಿಸಿತು.

ಬೆಳಗ್ಗೆ ಅಮ್ಮ ಚೀಲ ಹಿಡಿದು ಹೊರಟಾಗ ಮಳೆ ಶುರುವಾಗಿತ್ತು. ಹಿಂದಿನ ದಿನವೇ ಸೈಕಲ್ಲಿನಲ್ಲಿ ದೇಶ ಸುತ್ತುವ ಗುಂಪೊಂದು ಬಂದಿಳಿದಿತ್ತು. ಅವರ ಡೇರೆಗಳೊಳಗೆ ನೀರು ನುಗ್ಗಿ, ಹೊದಿಕೆ ಬಟ್ಟೆ ಎಲ್ಲ ಒದ್ದೆಮುದ್ದೆ. ಕ್ಯಾಂಪಿನ ಉದ್ದನೆ ಚಾವಣಿ ಕೆಳಗೆ ಅವರೆಲ್ಲ ನಿಂತು ಹಿಂಡುತ್ತಿದ್ದರು. ಒಬ್ಬರು ಹೊದಿಕೆಯನ್ನು ಕುತ್ತಿಗೆ ಹಿಚುಕುವ ಹಾಗೆ ತಿರುಚುತ್ತಿದ್ದಾರೆ, ಇನ್ನೊಬ್ಬರು ಉಣ್ಣೆಯದನ್ನೂ ಹತ್ತಿಯದನ್ನೂ ಒಂದರ ಮೇಲೊಂದು ಗುಡ್ಡೆ ಹಾಕಿದ್ದಾರೆ. ಅಮ್ಮ ಚಾವಣಿ ಕೆಳಗೆ ಬಸ್ಸಿಗೆ ಕಾಯುತ್ತ ನಿಂತವಳು ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದಳು. ಆಮೇಲೆ ಹೊಳೆ ನೋಡಿದಳು. ಕೊನೆಗೆ ತಡೆಯಲಾಗಲಿಲ್ಲ.

"ಹಾಗಲ್ಲ ಕಣಪ್ಪ. ಆ ತುದಿ ನೀನು ಹಿಡ್ಕೋ, ಈ ತುದಿ ನನಗೆ ಕೊಡು."

ಮಳೆ ನಿಲ್ಲುವ ಹೊತ್ತಿಗೆ ಚಾವಣಿಯ ಕಂಬದಿಂದ ಕಂಬಕ್ಕೆ ಹಗ್ಗ ಎಳೆದಾಗಿತ್ತು. ಸ್ನಾನದ ನೀರು ಕಾಯಿಸುವ ಒಲೆಮನೆಯ ಬಾಗಿಲು ತೆಗೆಸಿ, ಬಿಸಿಗಾಳಿ ಹಗ್ಗದ ಕಡೆ ಬರುವ ಹಾಗೆ ಮಾಡಿದ್ದಳು. ತಾನು ತಂದಿದ್ದ ಒಣ ಹಾಸುಗಳನ್ನೆಲ್ಲ ತೆಗೆದು, ಚಳಿಗೆ ನಡುಗುತ್ತಿದ್ದವರಿಗೆ ಹೊದೆಸಿದ್ದಳು. ಇಡೀ ಸೈಕಲ್ ಗುಂಪು ಬಿಳೀ ಬಟ್ಟೆ ಹೊದ್ದು ಸಾಲಾಗಿ ಕೂತು ಸೂಪು ಕುಡಿಯುತ್ತಿತ್ತು. "ನಮ್ಮ ವಾರ್ಡೇ ನೆನಪಾಯ್ತು" ಅಂತ ಅಮ್ಮ ಈಗಲೂ ಹೇಳುತ್ತಾಳೆ. ಬಸ್ಸು ಯಾವಾಗಲೋ ಬಂದು ಯಾವಾಗಲೋ ಹೋಗಿತ್ತು.

ಸಂಜೆ ಚಿಕ್ಕಮ್ಮ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು. "ನಾಳೆ ಎಷ್ಟು ಗಂಟೆಗೆ ಬಸ್ಸು?"

"ಈ ಬಟ್ಟೆ ಮಡಿಸೋರು ಯಾರು, ನಿನ್ನ ತಾತನಾ?" ಅಂದಳು ಅಮ್ಮ. ಬಸ್ಸಿನ ಮಾತು ಅಲ್ಲಿಗೇ ಮುಗಿಯಿತು. ಆ ರಾತ್ರಿ ಅವಳು ಬಚ್ಚಲ ಮನೆಯಲ್ಲಿ ಪರಿಚಯವಾದ ಸೈಕಲ್ಲಿನ ಹೆಂಗಸರ ಜೊತೆ ನಗುತ್ತ ಹಲ್ಲುಜ್ಜಿ ಬಂದಳಂತೆ. ಇದನ್ನು ಅಮ್ಮ ಒಪ್ಪುವುದಿಲ್ಲ, ನಗಲಿಲ್ಲ ಅನ್ನುತ್ತಾಳೆ. ಹಲ್ಲುಜ್ಜಿದ್ದು ನಿಜವಂತೆ.

ಅಲ್ಲಿಂದ ಮುಂದೆ ಬೆಟ್ಟದ ದಾರಿ. ವ್ಯಾನು ಏದುಸಿರು ಬಿಡುತ್ತ ಏರಿತು. ತುದಿಯಲ್ಲಿ ಎತ್ತರದ ಮರಗಳ ನಡುವೆ ಒಂದು ಕ್ಯಾಂಪು. ಮುಂದಿನ ದೊಡ್ಡ ಪಟ್ಟಣಕ್ಕೆ ಹೋಗಬೇಕೆಂದರೆ ಬೆಟ್ಟದ ಆಚೆ ಕಡೆ ಸುತ್ತಿ ಸುತ್ತಿ ಇಳಿಯಬೇಕು. ಅಲ್ಲಿನ ಮೇಲ್ವಿಚಾರಕರು ಸೊಂಟಕ್ಕೆ ಕೀಲಿಗೊಂಚಲು ಕಟ್ಟಿಕೊಂಡು, ಹೋದಲ್ಲೆಲ್ಲ ಸದ್ದು ಮಾಡುತ್ತ ಓಡಾಡುವ ದಪ್ಪನೆ ಮನುಷ್ಯ. ಎಲ್ಲರೂ ಅವರನ್ನು ಕೀಲಿ ಸಾರ್ ಅನ್ನುತ್ತಿದ್ದರು. ಅಮ್ಮ ಚಿಕ್ಕಮ್ಮ ವ್ಯಾನು ನಿಲ್ಲಿಸಿದ ಪಕ್ಕದಲ್ಲೇ ಮನೆಯಷ್ಟು ದೊಡ್ಡ ಗಾಡಿಯೊಂದಿತ್ತು. ಒಳಗೆ ಸೋಫಾ, ಅಡುಗೆಮನೆ, ಕಿಟಕಿಗೆ ಪರದೆ. ಅದರ ಮೆಟ್ಟಿಲ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬರು ಕೂತಿದ್ದರು. ಅವರೂ ಅವರ ಹೆಂಡತಿಯೂ ಕನ್ನಡಕದಂಗಡಿ ನಡೆಸಿದವರು. ಅಂಗಡಿ ಮಾರಿ, ಈ ಗಾಡಿ ಕೊಂಡು, ದೇಶ ನೋಡಲು ಹೊರಟಿದ್ದರು. ಅಲ್ಲಿಗೆ ಬಂದ ಮರುದಿನವೇ ಅವರು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು.

"ಇನ್ನು ಯಾರಾದ್ರೂ ಡ್ರೈವರು ಸಿಕ್ಕಿದ್ರೆ ಕೆಳಗಿನ ಪಟ್ಟಣಕ್ಕೆ ಗಾಡಿ ಸಾಗಿಸಿ, ಅಲ್ಲೇ ಬಿಟ್ಟು, ರೈಲಲ್ಲಿ ವಾಪಸ್ ಹೋಗೋದು" ಅಂದರು. "ಪ್ರವಾಸ ಮುಗೀತು."

"ಇವರಿಗೆ ಗಾಡಿ ಬರಲ್ವಾ?" ಅಂತ ಅಮ್ಮ ಅವರ ಹೆಂಡತಿಯ ಕಡೆ ನೋಡಿ ಕೇಳಿದಳು.

"ಲೈಸೆನ್ಸ್ ಇದೆ" ಅಂದರು ಆಕೆ ಮೆಲ್ಲಗೆ. ಸಣ್ಣ ಆಳು, ಕೊರಳಿಗೆ ಸರದಲ್ಲಿ ತೂಗುಬಿಟ್ಟ ಕನ್ನಡಕ. "ಮದುವೆಗೆ ಮುಂಚೆ ತಗೊಂಡಿದ್ದು. ಆಮೇಲೆ ಇವರೇ ಓಡಿಸ್ತಾ ಬಂದ್ರು."

"ಇವಳ ಕೈಗೆ ಈ ಗಾಡಿ ಕೊಟ್ರೆ ಬೆಟ್ಟ ಇಳಿಯೋದು ನಿಜ, ರಸ್ತೆ ಮೇಲಲ್ಲ" ಅಂದು ಗಂಡ ತಾವೇ ನಕ್ಕರು.

ಚಿಕ್ಕಮ್ಮ ನಗಲಿಲ್ಲ. ಆಕೆಯನ್ನೇ ನೋಡಿ ಕೇಳಿದಳು. "ನಿಮಗೆ ಇಷ್ಟ ಇದ್ಯಾ?"

ಆಕೆ ಕನ್ನಡಕ ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು. "ನನಗೆ ಮನೆಗೆ ವಾಪಸ್ ಹೋಗೋಕೆ ಇಷ್ಟ ಇಲ್ಲ" ಅಂದರು.

ಹಾಗಾದರೆ ನಾನು ಕಲಿಸ್ತೀನಿ ಅಂತ ಚಿಕ್ಕಮ್ಮ ಆಕೆಗೆ ಮಾತು ಕೊಟ್ಟಾಗಿತ್ತು. ವ್ಯಾನಿಗೆ ವಾಪಸ್ ಬಂದ ಮೇಲೆ ಚಿಕ್ಕಮ್ಮ ಮಂಚದ ಮೇಲೆ ಕೂತು ಕಾಲು ನೋಡಿಕೊಂಡಳು. "ಅಕ್ಕ, ಆ ಗಾಡೀಲಿ ಪಕ್ಕದ ಸೀಟಿಗೆ ಬ್ರೇಕಿಲ್ಲ."

"ಮತ್ತೆ? ಯಾವ ಗಾಡೀಲಿರತ್ತೆ?"

"ನಮ್ಮ ಸ್ಕೂಲಿನ ಗಾಡೀಲಿತ್ತು. ಬ್ರೇಕಿಲ್ಲದೆ ನಾನು ಇವತ್ತಿನವರೆಗೂ ಯಾರ ಪಕ್ಕವೂ ಕೂತು ಕಲಿಸಿಲ್ಲ."

"ಹಾಗಾದ್ರೆ ಆಗಲ್ಲ ಅನ್ನು."

"ಬಾಯಿಗೆ ಬರ್ತಿಲ್ಲ ಕಣಕ್ಕ. ಆಕೆ ಮುಖ ನೋಡಿದ್ಯಲ್ಲ."

"ಹೆದರಿಕೊಂಡೇ ಕಲಿಸು" ಅಂದಳು ಅಮ್ಮ. "ಆಕೆ ಹೆದರಿಕೊಂಡೇ ಕಲೀತಾಳೆ. ಸರಿಹೋಗತ್ತೆ."

ಮರುದಿನದಿಂದ ಕ್ಯಾಂಪಿನ ಒಳದಾರಿಗಳಲ್ಲೇ ಪಾಠ. ಕೀಲಿ ಸಾರ್ ಬಕೆಟ್‌ಗಳನ್ನು ತಂದು ದಾರಿಯ ಅಕ್ಕಪಕ್ಕ ಗುರುತಿಗೆ ಇಟ್ಟರು. ಡೇರೆಯವರೆಲ್ಲ ಕುರ್ಚಿಗಳನ್ನು ಮರದ ಹಿಂದಕ್ಕೆ ಎಳೆದುಕೊಂಡು, ಅಲ್ಲಿಂದಲೇ ನೋಡುತ್ತ ಕೂತರು. ದೊಡ್ಡ ಗಾಡಿ ಗುರ್ ಅಂದು, ನಿಂತು, ಮತ್ತೆ ಗುರ್ ಅಂದಿತು. ಒಳಗಿಂದ ಚಿಕ್ಕಮ್ಮನ ದನಿ ಕೇಳುತ್ತಿತ್ತು. "ಚೆನ್ನಾಗಿದೆ. ಹೆದರಬೇಡಿ."

ಮೊದಲ ದಿನ ನಾಲ್ಕು ಬಕೆಟ್ ಹೋದವು. ಯಾರೋ ಮರೆತು ಬಿಟ್ಟಿದ್ದ ಮಡಿಸುವ ಕುರ್ಚಿಯೊಂದು ಶಾಶ್ವತವಾಗಿ ಮಡಿಸಿಕೊಂಡಿತು. ತಿರುಗಿಸುವಾಗ ಗಾಡಿಯ ಕನ್ನಡಿಗೆ ಅಮ್ಮ ಒಣಹಾಕಿದ್ದ ಹಗ್ಗ ಸಿಕ್ಕಿ, ಬಿಳೀ ಹಾಸುಗಳೆಲ್ಲ ಬಾವುಟದ ಹಾಗೆ ಗಾಡಿಯ ಹಿಂದೆ ಹಾರಾಡುತ್ತ ಇಡೀ ಕ್ಯಾಂಪು ಸುತ್ತಿ ಬಂದವು. ಅಮ್ಮ ಹಿಂದೆ ಓಡುತ್ತ, "ನಿಲ್ಲಿಸ್ರೀ, ಈಗಷ್ಟೇ ಒಗೆದಿದ್ದು" ಅಂತ ಕೂಗುತ್ತಿದ್ದಳು. ಗಾಡಿ ನಿಂತಾಗ ಕನ್ನಡಕದಮ್ಮ ಇಳಿದು ಬಂದು, ಬಾಯಿಗೆ ಕೈ ಅಡ್ಡ ಹಿಡಿದು ನಿಂತರು. ಅಳುತ್ತಿದ್ದಾರೆ ಅಂತ ಅಮ್ಮ ಅಂದುಕೊಂಡಳು. ನೋಡಿದರೆ ಆಕೆ ಉಸಿರು ಸಿಗದ ಹಾಗೆ ನಗುತ್ತಿದ್ದರು. ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಂಡ ಆ ನಗುವನ್ನು ನೋಡುತ್ತ ನಿಂತರು.

ಆಮೇಲಿನ ದಿನಗಳಲ್ಲಿ ಬಕೆಟ್‌ಗಳು ಉಳಿಯತೊಡಗಿದವು. ಆಕೆಯ ಕಣ್ಣು ಚುರುಕು. ಒಂದು ಕೂದಲೆಳೆ ವ್ಯತ್ಯಾಸವೂ ಕಾಣುತ್ತಿತ್ತು. ತೊಂದರೆ ಇದ್ದದ್ದು ಒಂದೇ. ಏನು ಮಾಡುವಾಗಲೂ ಮೊದಲು ಕಿಟಕಿಯಾಚೆ ಗಂಡನ ಮುಖ ನೋಡುತ್ತಿದ್ದರು. ಚಿಕ್ಕಮ್ಮ ಅಮ್ಮನನ್ನು ಕರೆದು, "ಇವರ ಯಜಮಾನರನ್ನ ಎಲ್ಲಾದ್ರೂ ಕರ್ಕೊಂಡು ಹೋಗು" ಅಂದಳು. ಅಮ್ಮ ಅವರನ್ನು ಬಟ್ಟೆ ಮಡಿಸಲು ಕೂರಿಸಿಕೊಂಡಳು. ಒಂದೇ ಕೈಯಲ್ಲಿ ದಿಂಬಿನ ಚೀಲ ಮಡಿಸುವುದನ್ನು ಅವರು ಅಲ್ಲಿಯೇ ಕಲಿತದ್ದು.

ಇಳಿಯುವ ದಿನ ಬಂತು. ಬಿಸಿಲು ಚೆನ್ನಾಗಿತ್ತು. ವ್ಯಾನನ್ನು ಕ್ಯಾಂಪಿನಲ್ಲೇ ಬಿಟ್ಟು, ನಾಲ್ಕೂ ಜನ ದೊಡ್ಡ ಗಾಡಿಯಲ್ಲಿ ಪಟ್ಟಣಕ್ಕೆ ಹೋಗುವುದು, ಅಲ್ಲಿಂದ ಅಕ್ಕತಂಗಿ ಬಸ್ಸಿನಲ್ಲಿ ವಾಪಸ್ ಬರುವುದು ಅಂತ ಮಾತಾಗಿತ್ತು. ಸ್ಟೀರಿಂಗಿಗೆ ಕನ್ನಡಕದಮ್ಮ, ಪಕ್ಕಕ್ಕೆ ಚಿಕ್ಕಮ್ಮ, ಹಿಂದಿನ ಸೋಫಾದಲ್ಲಿ ಅಮ್ಮನೂ ಆಕೆಯ ಗಂಡನೂ. ಕೀಲಿ ಸಾರ್ ಗೇಟು ತೆಗೆದು, ಕೀಲಿಗೊಂಚಲು ಎತ್ತಿ ಅಲ್ಲಾಡಿಸಿದರು.

ಮೊದಲ ತಿರುವುಗಳು ಸಲೀಸಾಗಿ ಹೋದವು. ಗಂಡ ಸೋಫಾವನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಅಮ್ಮ ಅವರ ಒಳ್ಳೆ ಕೈಗೆ ಮಡಿಸಿದ ಹಾಸೊಂದನ್ನು ಕೊಟ್ಟು, "ಇದನ್ನ ಹಿಡ್ಕೊಳಿ, ಸೋಫಾ ಹರಿದುಹೋಗತ್ತೆ" ಅಂದಳು. ಅರ್ಧ ಇಳಿದ ಮೇಲೆ ಒಂದು ಕಡಿದಾದ ತಿರುವು. ತಿರುವಿನ ಆಚೆಯಿಂದ, ಇದ್ದ ರಸ್ತೆಯೆಲ್ಲ ತನ್ನದೇ ಅನ್ನುವ ಹಾಗೆ, ಮರದ ದಿಮ್ಮಿ ತುಂಬಿದ ಲಾರಿ ಬಂತು.

ಚಿಕ್ಕಮ್ಮನ ಕಾಲು ತಾನಾಗಿಯೇ ನೆಲಕ್ಕೆ ಒತ್ತಿತು, ಇದ್ದ ಬಲವೆಲ್ಲ ಹಾಕಿ. ಕೆಳಗೆ ಏನೂ ಇರಲಿಲ್ಲ, ಬರೀ ಚಾಪೆ. "ಚೆನ್ನಾಗಿದೆ" ಅನ್ನಲು ಹೋದಳು, ಗಂಟಲಿಂದ ಗಾಳಿಯೂ ಬರಲಿಲ್ಲ.

ಗಾಡಿ ಮಾತ್ರ ಆಗಲೇ ನಿಧಾನವಾಗಿತ್ತು. ಕನ್ನಡಕದಮ್ಮ ಬ್ರೇಕು ಹದವಾಗಿ ಒತ್ತಿ, ಗೇರು ಇಳಿಸಿ, ಬೆಟ್ಟದ ಮಗ್ಗುಲಿಗೆ ಗಾಡಿಯನ್ನು ಒರಗಿಸಿ ನಿಲ್ಲಿಸಿದರು. ಲಾರಿ ಮೈ ಸವರಿಕೊಂಡು ಹೋಯಿತು. ಡ್ರೈವರು ಕೈ ಎತ್ತಿ ಥ್ಯಾಂಕ್ಸ್ ಹೇಳಿದ. ಆಕೆಯೂ ಕೈ ಎತ್ತಿ, ಇಂಡಿಕೇಟರ್ ಹಾಕಿ, ಮತ್ತೆ ರಸ್ತೆಗೆ ಬಂದರು. ಇನ್ನೆರಡು ತಿರುವು ದಾಟಿದ ಮೇಲೆ ಕೇಳಿದರು, "ಅಲ್ಲಿ ನೀವು ಏನೂ ಹೇಳಲೇ ಇಲ್ವಲ್ಲ?"

"ಹೇಳೋದಕ್ಕೆ ಏನೂ ಉಳಿದಿರಲಿಲ್ಲ" ಅಂದಳು ಚಿಕ್ಕಮ್ಮ. ಅವಳ ಹಿಮ್ಮಡಿ ಸಿಡಿಯುತ್ತಿತ್ತು. ಅದನ್ನು ಅವಳು ಆಕೆಗೆ ಇವತ್ತಿಗೂ ಹೇಳಿಲ್ಲ.

ಹಿಂದಿನಿಂದ ಗಂಡ ಕೇಳಿದರು. "ಏನಾಯ್ತು ಅಲ್ಲಿ? ಯಾಕೆ ನಿಲ್ಸಿದ್ದು?"

"ಏನಿಲ್ಲ ಕಣ್ರೀ" ಅಂದರು ಹೆಂಡತಿ. "ಒಂದು ಲಾರಿಗೆ ದಾರಿ ಬಿಟ್ಟೆ."

ಅವರು ಕಣ್ಣು ಬಿಟ್ಟು, ಕಿಟಕಿಯಾಚೆ ನೋಡಿದರು. ಕೆಳಗೆ ಕಣಿವೆ, ಅದರಾಚೆ ಪಟ್ಟಣದ ಮನೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. "ಇಷ್ಟು ದಿನ ಗಾಡಿ ಓಡಿಸ್ತಾ ನಾನು ಬರೀ ರಸ್ತೆ ನೋಡ್ತಿದ್ದೆ" ಅಂದರು ಅಮ್ಮನ ಕಡೆ ತಿರುಗಿ. "ಇದೆಲ್ಲ ಇವಳೊಬ್ಬಳೇ ನೋಡ್ತಿದ್ದಳು ಅಂತಾಯ್ತು." ಆಮೇಲೆ ಪಟ್ಟಣ ಮುಟ್ಟುವವರೆಗೂ ಅವರು ಕಣ್ಣು ಮುಚ್ಚಲಿಲ್ಲ. ಅದು ನೋಡು, ಇದು ನೋಡು ಅಂತ ಎಷ್ಟು ಹೇಳತೊಡಗಿದರೆಂದರೆ, ಹೆಂಡತಿಯೇ, "ರೀ, ಓಡಿಸೋರ ಹತ್ರ ಮಾತಾಡಬಾರದು" ಅನ್ನಬೇಕಾಯಿತು.

ಪಟ್ಟಣದ ಬಸ್ ನಿಲ್ದಾಣದಲ್ಲಿ ಬೀಳ್ಕೊಡುವಾಗ ಯಾರೂ ರೈಲಿನ ಮಾತು ಎತ್ತಲಿಲ್ಲ. ಕನ್ನಡಕದಮ್ಮ ಚಿಕ್ಕಮ್ಮನ ಎರಡೂ ಕೈ ಹಿಡಿದುಕೊಂಡು, "ನಾವೂ ರಸ್ತೆ ಮುಗಿಯೋ ತನಕ ಬರ್ತೀವಿ" ಅಂದರು.

ಬಸ್ಸಿನಲ್ಲಿ ಬೆಟ್ಟ ಹತ್ತುವಾಗ ಚಿಕ್ಕಮ್ಮ ನಿದ್ದೆಹೋದಳು. ಗಾಡಿ ಚಲಿಸುತ್ತಿರುವಾಗ ಅವಳು ನಿದ್ದೆ ಮಾಡಿದ್ದನ್ನು ಅಮ್ಮ ಅಲ್ಲಿಯವರೆಗೂ ಕಂಡಿರಲಿಲ್ಲ. ತಿರುವು ಬಂದಾಗ ತಲೆ ಜೋಲಿ ಹೊಡೆಯದ ಹಾಗೆ ತನ್ನ ಭುಜಕ್ಕೆ ಒರಗಿಸಿಕೊಂಡಳಂತೆ. ಇದನ್ನು ಮಾತ್ರ ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

ರಸ್ತೆ ಮುಗಿಯುವ ಜಾಗ ಹೇಗಿತ್ತು ಅಂತ ನಾನು ತುಂಬ ಸಲ ಕೇಳಿದ್ದೇನೆ. ಸಮುದ್ರದ ದಂಡೆ, ಒಂದು ತಗ್ಗು ಗೋಡೆ, ಗೋಡೆಯ ಮೇಲೆ "ಮುಂದೆ ದಾರಿಯಿಲ್ಲ" ಅನ್ನುವ ಫಲಕ, ಅಷ್ಟೇ. ಎಷ್ಟು ಗಾಳಿಯೆಂದರೆ ಕಾಫಿ ಲೋಟದಿಂದ ಹಾರಿ ಅಮ್ಮನ ಸೆರಗಿಗೆ ಬಿತ್ತು. ಚಿಕ್ಕಮ್ಮ ಇಳಿದು ಹೋಗಿ ಗೋಡೆ ಮುಟ್ಟಿ ಬಂದಳು. "ನೋಡಾಯ್ತಾ?" ಅಂತ ಅಮ್ಮ ಕೇಳಿದ್ದಕ್ಕೆ, "ನೋಡಾಯ್ತು" ಅಂದಳು. ಅಲ್ಲಿನ ಕ್ಯಾಂಪಿನಲ್ಲಿ ಎರಡೇ ದಿನ ಇರಬೇಕೆಂದುಕೊಂಡವರು, ದೊಡ್ಡ ಗಾಡಿಯವರು ಬಂದು ಸೇರಿಕೊಂಡ ಮೇಲೆ ಗಾಳಿಕಾಲ ಮುಗಿಯುವ ತನಕ ಉಳಿದರು. ಕನ್ನಡಕದಮ್ಮ ಗಾಡಿಯನ್ನು ಹಿಮ್ಮುಖವಾಗಿ, ಒಂದೇ ಸಲಕ್ಕೆ, ಬ್ರೆಡ್ ವ್ಯಾನಿನ ಪಕ್ಕ ತಂದು ನಿಲ್ಲಿಸಿದಾಗ ಅಲ್ಲಿದ್ದವರು ಚಪ್ಪಾಳೆ ತಟ್ಟಿದರಂತೆ. ಗಂಡ ಎಲ್ಲರಿಗಿಂತ ಜೋರಾಗಿ ತಟ್ಟಲು ಹೋಗಿ, ಪ್ಲಾಸ್ಟರ್ ನೆನಪಾಗಿ, ತೊಡೆ ತಟ್ಟಿದರು.

ಅಕ್ಕತಂಗಿಯರಿಬ್ಬರೂ ಮನೆಗೆ ಬಂದಾಗ ನನಗೆ ಅಮ್ಮನ ಗುರುತೇ ಸಿಗಲಿಲ್ಲ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು, ಕಾಲಿಗೆ ಯಾರೋ ಸೈಕಲ್ಲಿನವರು ಕೊಟ್ಟ ಷೂ. ಮನೆಯ ಬಚ್ಚಲಿಗೆ ಹೋಗಿ ಬಂದು, "ಇಲ್ಲಿ ಒಬ್ಬರೂ ಮಾತಿಗೆ ಸಿಗಲ್ಲ" ಅಂದಳು.

ಈಗ ಅದು ವರ್ಷವರ್ಷದ ವಾಡಿಕೆಯಾಗಿದೆ. ಹವಾ ತಿಳಿಯಾಗುತ್ತಲೇ ವ್ಯಾನು ಹೊರಡುತ್ತದೆ. ಕ್ಯಾಂಪಿನಿಂದ ಕ್ಯಾಂಪಿಗೆ ಚಿಕ್ಕಮ್ಮನ ಸುದ್ದಿ ಹಬ್ಬಿದೆ. ಗಂಡಸರ ಪಕ್ಕದಲ್ಲಿ ಕೂತು ಕೂತು ಸಾಕಾದ ಹೆಂಗಸರು ಕೀಲಿ ಸಾರ್ ಹತ್ತಿರ ವಿಚಾರಿಸಿ, ಅವಳು ಬರುವ ವಾರಕ್ಕೆ ಸರಿಯಾಗಿ ಬೆಟ್ಟಕ್ಕೆ ಬರುತ್ತಾರಂತೆ. ಅವಳು ಯಾರ ಗಾಡಿಯಲ್ಲಾದರೂ ಬ್ರೇಕಿನ ಯೋಚನೆಯಿಲ್ಲದೆ ಹತ್ತಿ ಕೂರುತ್ತಾಳೆ. ಹೆದರಿಕೆ ಹೋಯಿತಾ ಅಂತ ಕೇಳಿದೆ.

"ಎಲ್ಲಿಗೆ ಹೋಗತ್ತೆ? ಹೆದರಿಕೆನೂ ಹತ್ತಿ ಕೂರತ್ತೆ" ಅಂದಳು. "ನಾನು ಅದಕ್ಕೆ ಹಿಂದಿನ ಸೀಟು ಕೊಟ್ಟಿದ್ದೀನಿ."

ಮೊನ್ನೆ ಬೆಳಗ್ಗೆ ಅಮ್ಮ ಫೋನ್ ಮಾಡಿದ್ದಳು. ಹೊಸದೊಂದು ಕ್ಯಾಂಪು, ಸರೋವರದ ಪಕ್ಕ. ಬಾತುಕೋಳಿಗಳು ವ್ಯಾನಿನೊಳಗೇ ಬಂದು ಮಂಚ ಹತ್ತುತ್ತವಂತೆ. ಹಿಂದಿನಿಂದ ಚಿಕ್ಕಮ್ಮ ಯಾರಿಗೋ ಏನೋ ಹೇಳುತ್ತಿದ್ದಳು, ಯಾರೋ ನಗುತ್ತಿದ್ದರು, ಬಾತುಗಳು ಅರಚುತ್ತಿದ್ದವು.

"ಯಾವಾಗ ಬರ್ತೀರಮ್ಮ?" ಅಂದೆ.

"ಇರೇ, ಈಗಷ್ಟೇ ಬಂದಿದ್ದೀವಿ" ಅಂದಳು ಅಮ್ಮ. "ಈಗ ಇಡ್ತೀನಿ, ನಾವು ದೋಣೀಲಿ ಹೋಗ್ತಿದ್ದೀವಿ. ಹುಟ್ಟು ಹಾಕೋದು ನಾನು."